ಸೊಸೆಯ ಕಾಲು, ಮಾವನ ತಲೆ, ಕಾರಿನ ಎಣ್ಣೆ

ಕಾರಿನ ಬ್ರೇಕಿಗೆ ಎಣ್ಣೆ ಬೇಕೆಂಬ ಸಂಗತಿ ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. ಬಾವಿಯ ರಾಟೆಗೆ, ಬಾಗಿಲ ಕೀಲಿಗೆ, ಗಾಡಿಯ ಅಚ್ಚಿಗೆ ಎಣ್ಣೆ ಹಾಕುವುದು ಅವು ಸರಾಗವಾಗಿ ತಿರುಗಲೆಂದು. ತಿರುಗುವ ಗಾಲಿಯನ್ನು ನಿಲ್ಲಿಸುವುದಕ್ಕೂ ಎಣ್ಣೆಯನ್ನೇ ನೆಚ್ಚಿಕೊಂಡ ಮಹಾನುಭಾವ ಯಾರೋ ನಾನರಿಯೆ. ನಾನು ಬಿ.ಎ. ತರಗತಿಯಲ್ಲಿ ತರ್ಕಶಾಸ್ತ್ರ ಓದಿದವನು, ಆದ್ದರಿಂದಲೇ ನನ್ನ ಗೊಂದಲ ಉಳಿದವರದ್ದಕ್ಕಿಂತ ಸ್ವಲ್ಪ ಹೆಚ್ಚು ಕ್ರಮಬದ್ಧವಾಗಿರುತ್ತದೆ, ಅಷ್ಟೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಧುಗಿರಿಯ ನಮ್ಮ ಮನೆಯ ಮುಂದೆ ಒಂದು ಹಳೆಯ ಕಾರು ನಿಂತಿರುತ್ತಿತ್ತು. ವಕೀಲರಾಗಿದ್ದ ನಮ್ಮ ತಂದೆಯವರು ಅದನ್ನು ಯಾರೋ ಕಂಟ್ರಾಕ್ಟರರಿಂದ ಕೊಂಡಿದ್ದರು. ಪೆಟ್ರೋಲಿನ ಅಭಾವದಿಂದಾಗಿ ಅದು ಬಹುಪಾಲು ಕಾಲವನ್ನು ಧ್ಯಾನದಲ್ಲಿಯೇ ಕಳೆಯುತ್ತಿತ್ತೆನ್ನಿ. ಹೀಗಿರಲು ಒಂದು ಶುಕ್ರವಾರ ತಂದೆಯವರು ಕಚೇರಿ ತಲುಪುತ್ತಿದ್ದಂತೆ ಬ್ರೇಕಿನ ಮೇಲಿಟ್ಟ ಕಾಲು ಹಿಟ್ಟಿನ ಮುದ್ದೆಗೆ ಇಳಿದಂತೆ ತಳದವರೆಗೂ ಇಳಿದುಹೋಯಿತು. ಕಾರು ಕಚೇರಿಯ ಮುಂದಿನ ಹುಣಸೆಮರವನ್ನು ಮೆಲ್ಲನೆ ಆಲಿಂಗಿಸಿ ನಿಂತುಕೊಂಡಿತು. ಅಲ್ಲಿಂದ ಅದನ್ನು ಆಳುಗಳಿಂದ ತಳ್ಳಿಸಿಕೊಂಡು ಮನೆಗೆ ತಂದರು.

ಅದೇ ಸಂಜೆ ಪಾವಗಡದಿಂದ ಆಳು ಬಂದ. ನನ್ನ ಹೆಂಡತಿ ಗೌರಿಯ ತಾಯಿಗೆ ಜ್ವರ ಏರಿದೆ, ಮಗಳನ್ನು ನೋಡಬೇಕೆಂದು ಹಂಬಲಿಸುತ್ತಿದ್ದಾರೆ, ತಡಮಾಡಬಾರದು ಎಂಬುದು ಅವನು ತಂದ ಸುದ್ದಿ. ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು ಕೆಟ್ಟು ನಿಂತಿತ್ತು. ಗೌರಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅಳು ನುಂಗಿಕೊಂಡಳು. ಮದುವೆಯಾಗಿ ಬಂದಂದಿನಿಂದ ಅವಳು ಮಾವನ ಎದುರಿಗೆ ನಿಂತವಳಲ್ಲ, ಅವರೊಂದಿಗೆ ಒಂದು ಮಾತನ್ನೂ ಆಡಿದವಳಲ್ಲ. ನಮ್ಮ ಮನೆಗಳಲ್ಲಿ ಮರ್ಯಾದೆ ಎಂದರೆ ಅದೇ ಆಗಿತ್ತು. ತಂದೆಯವರು ಗೋಡೆಯನ್ನು ನೋಡುತ್ತಾ, "ಬ್ರೇಕಿನೆಣ್ಣೆ ಬದಲಾಯಿಸ್ಬುಟ್ಟು ನಾಳೆ ನಾನೇ ಕರ್ಕೊಂಡೋಯ್ತೀನಿ ಅಂತ ಹೇಳು," ಎಂದರು. ನಾನು ಬಾಗಿಲ ಕಡೆ ತಿರುಗಿ ಅದನ್ನೇ ಹೇಳಿದೆ. ಅವಳಿಗೆ ಅದು ಆಗಲೇ ಕೇಳಿಸಿತ್ತೆಂಬುದು ಮೂವರಿಗೂ ಗೊತ್ತಿತ್ತು.

ಆದರೆ ಎಣ್ಣೆಯನ್ನು ಯಾವಾಗ ಬದಲಾಯಿಸಬೇಕು, ಯಾವ ಎಣ್ಣೆ ಹಾಕಬೇಕು ಎಂಬಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿರಲಿಲ್ಲ. ಹಿಂದೆಯೇ ಸಿರಾದ ಮೋಟಾರು ಮಿಸ್ತ್ರಿ ಸಾಹೇಬರು, "ಬರಸಾತಿನ ಮಳೆ ಮುಗೀತಿದ್ದಂಗೆ ವರ್ಷಾ ವರ್ಷಾ ತೆಗ್ದುಬುಡಿ ಸ್ವಾಮಿ, ನೀರು ಕುಡ್ದು ಖರಾಬಾಗಿರ್ತೈತೆ," ಎಂದಿದ್ದರು. ಎಣ್ಣೆ ನೀರು ಕುಡಿಯುವುದೆಂದರೇನೆಂದು ನಾನು ಬಹಳ ದಿನ ಯೋಚಿಸಿದ್ದೆ. ಕೊರಟಗೆರೆಯ ನಮ್ಮ ಚಿಕ್ಕಪ್ಪನವರದು ಬೇರೆಯೇ ಮತ: ಹುಣಸೆ ರಸದ ಬಣ್ಣಕ್ಕೆ ತಿರುಗಿದರೆ ಮಾತ್ರ ಬದಲಾಯಿಸಬೇಕು, ಅಲ್ಲಿಯವರೆಗೆ ಅದರ ತಂಟೆಗೆ ಹೋಗಬಾರದು. ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವಂತೂ ತನ್ನ ಕಂಪನಿಯ ಡಬ್ಬಿಯ ಎಣ್ಣೆಯ ಹೊರತು ಅನ್ಯವನ್ನು ಮುಟ್ಟಕೂಡದೆಂದು ಶಾಸನ ಬರೆದಿತ್ತು. ಆ ಡಬ್ಬಿ ಬರಬೇಕಾದ ಹಡಗು ಯುದ್ಧದ ದೆಸೆಯಿಂದ ಯಾವ ಸಮುದ್ರದಲ್ಲಿತ್ತೋ ಏನೋ. ಪಾವಗಡದ ಆಳು ಇದನ್ನೆಲ್ಲ ಕೇಳಿಸಿಕೊಂಡು, ತಮ್ಮೂರ ಕಡಲೆಕಾಯಿ ಎಣ್ಣೆಯನ್ನೇ ಹಾಕಿ ನೋಡಬಾರದೇಕೆ ಎಂದು ಕೇಳಿ, ನಾವು ಬರುವ ಸುದ್ದಿ ಹೊತ್ತು ರಾತ್ರಿಯೇ ಹಿಂದಿರುಗಿದ.

ಕೊನೆಗೆ ತಂದೆಯವರು ಹರಳೆಣ್ಣೆಗೆ ಸ್ಪಿರಿಟ್ ಬೆರೆಸುವುದೆಂದು ತೀರ್ಪಿತ್ತರು. ಕಂಪನಿಯವರ ಡಬ್ಬಿಯೊಳಗೂ ಇರುವುದು ಹೆಚ್ಚುಕಡಿಮೆ ಅದೇ ಎಂದು ಅವರು ಎಲ್ಲಿಯೋ ಕೇಳಿದ್ದರು. ಶನಿವಾರ ಅಂಗಡಿಯಿಂದ ಎಣ್ಣೆ ತರಬಾರದೆಂದು ತಾಯಿಯವರು ತಡೆದದ್ದರಿಂದ ಮನೆಯ ಭರಣಿಯಲ್ಲಿದ್ದುದನ್ನೇ ತೆಗೆದೆವು. ಅದುವರೆಗೆ ನಮ್ಮ ಮನೆಯಲ್ಲಿ ಹರಳೆಣ್ಣೆ ಮನುಷ್ಯರನ್ನು ಹಿತ್ತಲಿಗೆ ಓಡಿಸುವುದಕ್ಕೆ ಬಳಕೆಯಾಗುತ್ತಿತ್ತೇ ಹೊರತು ಕಾರನ್ನು ನಿಲ್ಲಿಸುವುದಕ್ಕಲ್ಲ.

ಇನ್ನು ವಿಧಾನ. ಚಾಲಕನ ಕಾಲಡಿಯ ಹಲಗೆ ಎತ್ತಿದರೆ ಒಂದು ಡಬ್ಬಿ. ಅದಕ್ಕೆ ಹೊಸ ಎಣ್ಣೆ ಹುಯ್ಯುತ್ತಿರಬೇಕು. ಒಬ್ಬರು ಸೀಟಿನಲ್ಲಿ ಕುಳಿತು ಬ್ರೇಕನ್ನು ಒತ್ತಬೇಕು, ಇನ್ನೊಬ್ಬರು ಗಾಲಿಯ ಬಳಿ ಮಲಗಿ ತಿರುಪು ಸಡಿಲಿಸಿ ಹಳೆಯ ಎಣ್ಣೆಯನ್ನು ಹೊರಬಿಡಬೇಕು. ಕಾಲು ತಳ ಮುಟ್ಟಿದೊಡನೆ ತಿರುಪು ಬಿಗಿಯಬೇಕು, ಬಿಗಿದ ಮೇಲೆಯೇ ಕಾಲೆತ್ತಬೇಕು. ಮೊದಲೇ ಕಾಲೆತ್ತಿದಿರೋ, ಗಾಳಿ ಒಳಗೆ ಸೇರಿ ಬ್ರೇಕು ಮತ್ತೆ ಮುದ್ದೆಯಾಗುತ್ತದೆ. ಒತ್ತುವ ಕೆಲಸ ಮೊದಲು ನನ್ನ ಪಾಲಿಗೆ ಬಂದಿತು. ಒತ್ತಿಕೊಂಡೇ ನಾನು ಗಾಳಿಯ ಸ್ವರೂಪವನ್ನು ಕುರಿತು ಚಿಂತಿಸುತ್ತಾ ಕಾಲನ್ನು ಮರೆತುಬಿಟ್ಟೆ. "ಲೇ, ನಿನ್ ಕಾಲು ನಿನ್ ಮಾತೇ ಕೇಳಾಕಿಲ್ವಲ್ಲೋ! ಇಳೀಲಾ ಕೆಳೀಕೆ," ಎಂದು ತಂದೆಯವರು ಕಾರಿನಡಿಯಿಂದ ಗರ್ಜಿಸಿದರು. ನನಗೆ ಎಣ್ಣೆ ಹುಯ್ಯುವ ಹುದ್ದೆ ಕೊಟ್ಟು, ಮಂಡಿನೋವಿನ ತಾಯಿಯವರ ಬದಲು ಗೌರಿಯನ್ನು ಸೀಟಿಗೆ ಕರೆಸಲಾಯಿತು.

ಹಿಂದಿನ ಗಾಲಿಗಳೆರಡೂ ಸುಸೂತ್ರವಾಗಿ ಮುಗಿದವು. ಅವಳು ನನ್ನ ಕಿವಿಯಲ್ಲಿ "ಮುಟ್ತು" ಎನ್ನುವಳು, ನಾನು "ಮುಟ್ತಂತೆ" ಎಂದು ಕೂಗುವೆನು, ಅವರು ಬಿಗಿಯುವರು. ಮುಂದಿನ ಗಾಲಿಗೆ ಬಂದಾಗ ಕೆಲಸ ಕೆಟ್ಟಿತು. ಹಳೆಯ ಎಣ್ಣೆ ಬೀಳಲೆಂದು ತಿರುಪಿನ ಕೆಳಗೆ ಹಿಡಿದಿದ್ದ ಗಾಜಿನ ಸೀಸೆಯಲ್ಲಿ ಎಣ್ಣೆಗಿಂತ ಗುಳ್ಳೆಯೇ ಹೆಚ್ಚು. ಎಷ್ಟು ಒತ್ತಿದರೂ ಗುಳ್ಳೆ, ಎಷ್ಟು ಬಿಗಿದರೂ ಗುಳ್ಳೆ. ತಂದೆಯವರು ತಿರುಪನ್ನು ಬೈದರು, ಸ್ಪಿರಿಟನ್ನು ಬೈದರು. ಜಗಲಿಯ ಮೇಲಿಂದ ತಾಯಿಯವರು ಶನಿವಾರವನ್ನು ನೆನಪಿಸಿದರು. ನಾನು ಮಿಸ್ತ್ರಿಯವರ ನೀರನ್ನೂ ಚಿಕ್ಕಪ್ಪನವರ ಬಣ್ಣವನ್ನೂ ಸಮನ್ವಯಗೊಳಿಸಲು ಯತ್ನಿಸಿ ಇನ್ನಷ್ಟು ಗೊಂದಲಕ್ಕೊಳಗಾದೆ. ಹೊತ್ತು ನೆತ್ತಿಗೆ ಬಂದಿತು. ಗೌರಿಯ ಕಣ್ಣು ಮಾತ್ರ ಪಾವಗಡದ ದಾರಿಯ ಮೇಲೆಯೇ ಇತ್ತು. ಇವತ್ತು ಹೊರಡದಿದ್ದರೆ ಅಮ್ಮ ಸಿಗುವಳೋ ಇಲ್ಲವೋ ಎಂದು ಅವಳು ಪಿಸುಗುಟ್ಟಿದಾಗ ನನಗೆ ನಿಜವಾಗಿಯೂ ಭಯವಾಯಿತು.

ಆಗ ಕಾರಿನ ಕೆಳಗಿನ ಗೊಣಗಾಟ ಇದ್ದಕ್ಕಿದ್ದಂತೆ ನಿಂತುಹೋಯಿತು. ತೆಗೆದಿಟ್ಟ ಹಲಗೆಯ ಸಂದಿನಿಂದ ತಂದೆಯವರು ಮೇಲಕ್ಕೆ ನೋಡುತ್ತಿದ್ದರು. ಈಗ ಅವರ ತಲೆ ಇದ್ದುದು ಸೊಸೆಯ ಪಾದದ ನೇರಕ್ಕೆ. ಹಿರಿಯರಿಗೆ ಕಾಲು ಸೋಕಿದರೆ, ಅವರ ಕಡೆ ಚಾಚಿದರೂ ಸರಿಯೇ, ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮಲ್ಲಿ ಉಸಿರಾಟದಷ್ಟೇ ಸಹಜ. ಗೌರಿ ಪ್ರತಿ ಸಲ ಬ್ರೇಕನ್ನು ತಳಮುಟ್ಟಿಸಿ, ಮರುಕ್ಷಣವೇ ಕಾಲು ಸರಿಸಿ, ಬಗ್ಗಿ ಮಾವನ ದಿಕ್ಕಿಗೆ ಕೈ ಚಾಚಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಒಂದೊಂದು ನಮಸ್ಕಾರಕ್ಕೂ ಒಂದೊಂದು ಗುಟುಕು ಗಾಳಿ ಒಳಗೆ ಹೋಗುತ್ತಿತ್ತು. ನಾನು ಅವಳ ಮಗ್ಗುಲಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಅಷ್ಟನ್ನೂ ನೋಡುತ್ತಲೇ ಇದ್ದೆ. ಅದರಲ್ಲಿ ಗಮನಿಸುವಂಥದ್ದೇನೂ ನನಗೆ ಕಂಡಿರಲಿಲ್ಲ.

"ನಮಸ್ಕಾರ ಎಲ್ಲಾ ಒಟ್ಟಿಗೆ ಆಮೇಲೆ ಮಾಡೀವಂತೆ, ತಾಯಿ," ಎಂದು ಕೆಳಗಿನಿಂದ ಧ್ವನಿ ಬಂದಿತು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಾನು ಬಿಗಿಯೋಗಂಟ ಕಾಲೆತ್ತಬ್ಯಾಡ. ಮುಟ್ಟಿದ್ ತಕ್ಷಣ ನೀನೇ ಗಟ್ಟಿಯಾಗಿ ಕೂಗು. ಇವನ ಕೈಲಿ ಹೇಳಿಸ್ಬ್ಯಾಡ, ಇವನ ಮಾತು ಬರೋ ವೊತ್ಗೆ ನಾವು ಪಾವಗಡದಲ್ಲಿರ್ತೀವಿ."

ಗೌರಿ ಜಗಲಿಯ ಕಡೆ ನೋಡಿದಳು. ತಾಯಿಯವರು ಅಸಮಾಧಾನದಿಂದಲೋ ಸಮ್ಮತಿಯಿಂದಲೋ ಮುಖ ತಿರುಗಿಸಿಕೊಂಡರು. ಅವಳು ಕಣ್ಣು ಮುಚ್ಚಿ ಬ್ರೇಕನ್ನು ಒತ್ತಿದಳು. "ಮುಟ್ತು ಮಾವಯ್ಯಾ, ಬಿಗೀರಿ!" ಎಂಬ ಕೂಗಿಗೆ ಕೊಟ್ಟಿಗೆಯ ಎಮ್ಮೆ ತಲೆಯೆತ್ತಿತು. "ಬಿಗಿದೆ ಕಣಮ್ಮ, ಎತ್ತು!" ಎಂದರು ತಂದೆಯವರು. ಮುಂದಿನ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಾವ ಸೊಸೆಯರ ಕೂಗಾಟ ಬೀದಿಯ ಕೊನೆಯವರೆಗೂ ಕೇಳಿ, ಜಗಳವೆಂದು ಭಾವಿಸಿದ ನೆರೆಯವರು ಕಿಟಕಿಗಳಲ್ಲಿ ಕಾಣಿಸಿಕೊಂಡರು.

ನಾವು ಪಾವಗಡ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ದಾರಿಯುದ್ದಕ್ಕೂ ತಂದೆಯವರು ಸೊಸೆಯೊಡನೆ ಬ್ರೇಕಿನ ಬಗ್ಗೆಯೇ ಮಾತನಾಡಿದರು, ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮನೆಯ ಮುಂದಿನ ಸಂದಿಯಲ್ಲಿ ಗೋಡೆ ತಗಲುವಂತಿದ್ದಾಗ ಗೌರಿ, "ಅಲ್ಲೇ ನಿಲ್ಸಿ ಮಾವಯ್ಯಾ, ಸಾಕು!" ಎಂದು ಕೂಗಿದಳು. ಕಾರು ನಿಂತಿತು.

ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ನನ್ನ ಅತ್ತೆಯವರು ಆ ಧ್ವನಿಗೆ ಇತ್ತ ಹೊರಳಿದ್ದರು. ಮಗಳ ಕೈ ಹಿಡಿದು ಮೊದಲು ಕೇಳಿದ್ದು ಇದೊಂದೇ. "ಈಗ ಕೂಗಿದ್ದು ನೀನೇನಮ್ಮಾ? ನಿಮ್ ಮಾವಯ್ಯನ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡ್ತೀಯಾ?"

ಗೌರಿ ತಪ್ಪು ಮಾಡಿದವಳಂತೆ ತಲೆತಗ್ಗಿಸಿದಳು. ಅತ್ತೆಯವರ ಬಾಡಿದ ಮುಖದಲ್ಲಿ ನಗು ಮೂಡುತ್ತಿರುವುದು ನನಗೆ ಕಂಡಿತು.

"ಆ ಮನೇಲಿ ನಿನಗೆ ಬಾಯೇ ಇಲ್ವೇನೋ ಅಂತ ನಾನು ಕೊರಗಿದ್ದು ನನಗೇ ಗೊತ್ತು. ಇನ್ನೊಂದ್ ಸಲ ಕೂಗಮ್ಮಾ, ಕೇಳ್ತೀನಿ."

ಗೌರಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೊಸಲಿನವರೆಗೆ ಹೋಗಿ ನಿಂತು, "ಮಾವಯ್ಯಾ, ಒಳಗೆ ಬನ್ನಿ!" ಎಂದು ಕೂಗಿದಳು.

"ಬಂದೆ ಕಣಮ್ಮ," ಎಂದರು ತಂದೆಯವರು ಬೀದಿಯಿಂದ.