ಯುಗಾದಿಗೆ ಹೋಳಿಗೆ ಮಾಡದ ಮನೆ

ಐದನೇತ್ತೆಗೇ ಸಾಲಿ ಬಿಟ್ಟವನು ನಾನು. ತಾರಿಹಾಳದಲ್ಲಿ ಸ್ವಂತ ಲೇಥ್ ಮಷೀನು ಹಾಕಿ ಮೂರು ಮಂದಿಗೆ ಕೆಲಸ ಕೊಟ್ಟವನು. ಯಾರ ಮುಂದೆಯೂ ತಲೆ ತಗ್ಗಿಸಿದ್ದಿಲ್ಲ. ಮಗಳ ಸಂಬಂಧ ಮಾತಾಡಲು ದೇಶಪಾಂಡೆ ನಗರಕ್ಕೆ ಹೋದಾಗ ಹುಡುಗನ ಅಜ್ಜ ಕೇಳಿದರು: "ನಿಮ್ಮ ಬೆಡಗು ಯಾವುದರಿ?"

ಬೆಡಗೆಂದರೆ ನಮ್ಮಲ್ಲಿ ಗೋತ್ರ; ಒಂದೇ ಬೆಡಗಿನವರೆಂದರೆ ಅಣ್ಣತಮ್ಮಂದಿರಿದ್ದಂತೆ, ಲಗ್ನ ಕೂಡದು. ನಮ್ಮದು ಯಾವುದೆಂದು ನನಗೆ ಗೊತ್ತಿರಲಿಲ್ಲ.

"ಹೋಗ್ಲಿ, ಅಜ್ಜನ ಅಪ್ಪನ ಹೆಸರರೆ ಹೇಳ್ರಿ."

ಅದೂ ಗೊತ್ತಿರಲಿಲ್ಲ. "ತಿಳ್ಕೊಂಡು ಬರ್ರಿ" ಎಂದರು.

ಗಾಡಿ ಹತ್ತುವಾಗ ಹೆಂಡತಿ ಅಂದಳು: "ಬೇರಿಂಗಿನ ನಂಬರೆಲ್ಲಾ ಬಾಯಿಪಾಠ. ಮನಿ ಹಿರ್ಯಾರ ಹೆಸರು ಕೇಳಿದ್ರ ಗ್ವಾಡಿ ನೋಡ್ತೀರಿ."

ತೀರಿಹೋದ ಅಪ್ಪ ಊರಿನ ಹೆಸರೊಂದು ಹೇಳಿದ್ದ, ಅಷ್ಟೇ. ಮರುದಿನವೇ ಮಷೀನು ಬಂದ್ ಮಾಡಿ ಅಲ್ಲಿಗೆ ಹೊರಟೆ. ಪುಣ್ಯಕ್ಕೆ, ಮನೆತನಗಳ ವಂಶಾವಳಿ ಬರೆದಿಡುವ ಹೆಳವ ಆ ಊರಲ್ಲೇ ಬೀಡು ಬಿಟ್ಟಿದ್ದ. ಹಳೇ ಪುಸ್ತಕ ತೆಗೆದು ಓದುತ್ತಾ ನನ್ನ ಅಜ್ಜನ ಹೆಸರಿಗೆ ಬಂದ. ಅಜ್ಜ, ಅವನ ತಮ್ಮ. ಇಬ್ಬರ ಮುಂದೆಯೂ 'ಊರು ಬಿಟ್ಟಾನ' ಅಂತ ಬರೆದಿತ್ತು. ಕೆಳಗೆ ಖಾಲಿ. ನಮ್ಮಪ್ಪ ಹುಟ್ಟೇ ಇಲ್ಲ ಅನ್ನುವ ಹಾಗೆ.

"ಅಂವನ ನಮ್ಮಜ್ಜ!" ಎಂದೆ.

"ಅದ ಹೆಸರಿನವ್ರು ಭಾಳ ಮಂದಿ ಇರ್ತಾರ್ರಿ. ಊರ ಹಿರ್ಯಾರೊಬ್ರು ಹೌದಂದ್ರ ಬರೀತೇನಿ. ನಾಳೆ ಮುಂದಿನ ಊರಿಗೆ ಹೊಂಟೇವಿ."

ಮೂರು ಮನೆ ತಿರುಗಿದೆ, ಯಾರಿಗೂ ನೆನಪಿಲ್ಲ. ಹೊತ್ತು ಇಳಿಯುತ್ತಿತ್ತು. ನಾಲ್ಕನೇ ಕಟ್ಟೆಯ ಮೇಲೆ ಒಬ್ಬ ಮುದುಕಿ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನ ಕಥೆಯೆಲ್ಲ ಕೇಳಿ ತಲೆಯನ್ನೂ ಎತ್ತಲಿಲ್ಲ.

"ನಿಮ್ಮ ಮನ್ಯಾಗ ಯುಗಾದಿಗೆ ಏನ್ ಮಾಡ್ತೀರಿ?"

"ಏನೂ ಮಾಡೂದಿಲ್ಲಬೇ. ಹೋಳಿಗಿ ಮಾಡಬಾರ್ದಂತ. ಯಾಕಂತ ಅಪ್ಪ ಹೇಳಲೇ ಇಲ್ಲ."

ಮೊರ ಕೆಳಗಿಟ್ಟಳು. "ಹೋಳಿಗಿ ಬೇಯಿಸ್ಕೋತ ಒಲಿ ಮುಂದನ ನಿಮ್ಮಜ್ಜನ ಅವ್ವ ಜೀವಾ ಬಿಟ್ಲು. ಅವತ್ತಿಂದ ಆ ಮನ್ಯಾಗ ಹಬ್ಬ ಬಿಟ್ರು. ನಡಿ, ಆ ಹೆಳವನ ಮುಂದ ನಾ ಹೇಳ್ತೇನಿ."

ಸಣ್ಣವನಿದ್ದಾಗ ಪ್ರತಿ ಯುಗಾದಿಗೆ ನೆರೆಮನೆಯ ಹೋಳಿಗೆ ವಾಸನೆಗೆ ಅತ್ತು ಅಪ್ಪನಿಂದ ಏಟು ತಿಂದವನು ನಾನು. ಹೊಡೆದ ಅಪ್ಪ ಗೋಡೆಗೆ ಮುಖ ಮಾಡಿ ಯಾಕೆ ಕೂಡುತ್ತಿದ್ದನೆಂದು ಅವತ್ತು ತಿಳಿಯಿತು.

ಹೆಳವ ಅಪ್ಪನ ಹೆಸರು ಬರೆದ, ಅದರ ಕೆಳಗೆ ನನ್ನದು. ಪುಸ್ತಕದಲ್ಲಿದ್ದ ನಮ್ಮ ಬೆಡಗು ಹುಡುಗನ ಮನೆಯವರದಕ್ಕಿಂತ ಬೇರೆಯಾಗಿತ್ತು, ಲಗ್ನ ಗಟ್ಟಿಯಾಯಿತು. ನನಗೆ ಮಾತ್ರ ಸಮಾಧಾನವಿಲ್ಲ. ಅಜ್ಜನ ತಮ್ಮನ ಕೆಳಗೆ ಇನ್ನೂ ಖಾಲಿ.

"ಅಂವ ಎಲ್ಲಿಗೆ ಹ್ವಾದ?" ಎಂದು ಕೇಳಿದ್ದೆ.

"ಗೊತ್ತಿದ್ರ ಬರೀತಿದ್ದಿಲ್ಲೇನ್ರಿ?" ಅಂದಿದ್ದ ಹೆಳವ.

ಅಂದಿನಿಂದ ರವಿವಾರ ಮನೆಯಲ್ಲಿ ಕೂತಿಲ್ಲ, ಅವನ ಮಕ್ಕಳು ಮೊಮ್ಮಕ್ಕಳನ್ನು ಹುಡುಕುತ್ತ ಊರೂರು ತಿರುಗುತ್ತೇನೆ. ಲಗ್ನದ ವಾರವೂ ಗಾಡಿ ತೆಗೆದಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು: "ಪತ್ರಿಕಿ ಹಂಚೂದು ಬಿಟ್ಟು ಎಲ್ಲಿಗ್ರಿ?"

"ಪತ್ರಿಕಿ ಕೊಡಾಕನ ಹೊಂಟೇನಿ."

"ಯಾರಿಗೆ?"

ಕಿಸೆಯಲ್ಲಿದ್ದ ಪತ್ರಿಕೆ ತೆಗೆದು ತೋರಿಸಿದೆ. ಅರಿಶಿಣ ಹಚ್ಚಿದ್ದೆ, ಹೆಸರು ಬರೆದಿರಲಿಲ್ಲ.