ಬೊಂಡದೊಳಗಿನ ನೀರು

ಸ್ನೇಹಿತರೇ, ನಮ್ಮ ರ್‍ಯಾಪ್ ತಂಡದ ಮೊದಲ ಆಲ್ಬಮ್‌ಗೆ ಇವತ್ತು ಮೊದಲ ವಿಮರ್ಶೆ ಬಂತು. ಬರೆದವರು ಬೆಂಗಳೂರಿನವರು. ತಂಡವೆಂದರೆ ಹಮೀದ್, ನಿತಿನ್ ಮತ್ತು ಪದ ಬರೆಯುವ ನಾನು. ನೆಲ್ಯಾಡಿಯ ಹೆದ್ದಾರಿ ಬದಿಯಲ್ಲಿ ಮೋನುಚ್ಚನ ಅಂಗಡಿಯೆದುರು ನಿಂತು ಮೂವರೂ ಒಂದೇ ಮೊಬೈಲಿನಲ್ಲಿ ಗಟ್ಟಿಯಾಗಿ ಓದಿದೆವು.

ಬೀಟ್ ಹಳೆಯದಂತೆ. ಸಿಟ್ಟು ಎರವಲಿನದಂತೆ. ನಾನು ತಿಂಗಳುಗಟ್ಟಲೆ ತಿದ್ದಿದ ರೂಪಕಗಳೆಲ್ಲ ಸವಕಲಂತೆ. ನನಗೆ ಉರಿದುಹೋಯಿತು. ಹೊಗಳಿಕೆ ಇದ್ದದ್ದು ಒಂದೇ ಸಾಲಿಗೆ: 'ಬೊಂಡ ಕೆತ್ತಿಸಿ ನೀರು ಕುಡಿದೆ, ಬಸ್ಸು ತಪ್ಪಿತು.'

"ಎಣ್ಣೆಯಲ್ಲಿ ಕರಿದ ಬೊಂಡದೊಳಗೆ ನೀರು ಹುಡುಕುವ ಈ ಹುಚ್ಚು ಕಲ್ಪನೆಯಲ್ಲಿ ಒಂದು ತಲೆಮಾರಿನ ಬಾಯಾರಿಕೆಯಿದೆ" ಎಂದು ಬರೆದಿದ್ದರು.

ನಮ್ಮಲ್ಲಿ ಬೊಂಡ ಎಂದರೆ ಎಳನೀರು. ಆ ಸಾಲಿನಲ್ಲಿ ಕಲ್ಪನೆಯೇ ಇಲ್ಲ. ಇದೇ ಅಂಗಡಿಯಲ್ಲಿ ಬೊಂಡ ಕುಡಿಯುತ್ತ ನಿಂತು ನನಗೆ ಪುತ್ತೂರು ಬಸ್ಸು ತಪ್ಪಿತ್ತು, ಅಷ್ಟೇ.

"ಅವರಿಗೆ ಫೋನ್ ಮಾಡಿ ಹೇಳುವ" ಎಂದ ನಿತಿನ್.

"ಎಂತಕ್ಕೆ ಮಾರಾಯ? ಹೊಗಳಿದ್ದು ಅದೊಂದೇ ಸಾಲು. ಅದನ್ನೂ ಕಳಕೊಳ್ಳುದಾ?" ಎಂದು ಹಮೀದ್ ಅವನ ಕೈಯಿಂದ ಮೊಬೈಲ್ ಕಿತ್ತುಕೊಂಡ.

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಹಮೀದನ ಪಕ್ಷ ವಹಿಸಿದೆ. ನಾವು ಫೋನ್ ಮಾಡಲಿಲ್ಲ.

ಬೊಂಡ ಕೆತ್ತುತ್ತಿದ್ದ ಮೋನುಚ್ಚ ಇದನ್ನೆಲ್ಲ ಕೇಳಿಸಿಕೊಂಡು ಕತ್ತಿ ಕೆಳಗಿಟ್ಟರು.

"ಅವರು ಈ ಕಡೆ ಬಂದರೆ ಇಲ್ಲಿಗೆ ಕರ್ಕೊಂಡು ಬನ್ನಿ ಮಾರಾಯ್ರೆ. ಒಳ್ಳೆ ಹುಚ್ಚು ಕಲ್ಪನೆ ಒಂದು ಕೆತ್ತಿ ಕೊಡುವ. ಸ್ಟ್ರಾ ಉಂಟು."