ಒಂಬತ್ತು ಹೆಂಗಸರು, ಒಂದು ರೊಟ್ಟಿ ಮಷೀನು

ಆ ಸಲ ಖಾನಾಪುರದ ಪಟ್ಟಣ ಪಂಚಾಯಿತಿ ಚುನಾವಣೆಗೆ ನಮ್ಮ ವಾರ್ಡಿನಿಂದ ಮೂವರು ನಿಂತಿದ್ದರು. ಮೂವರೂ ನಮ್ಮ ಹಿತ್ತಲಕ್ಕೆ ಬಂದು ಕೈ ಮುಗಿದರು. ನನ್ನ ಮೇಲಿನ ಪ್ರೀತಿಗಲ್ಲ. ಅಲ್ಲಿ ತಗಡಿನ ಕೆಳಗೆ ನಾವು ಒಂಬತ್ತು ಮಂದಿ ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದೆವು. ಒಂಬತ್ತು ಮನಿ ಓಟು ಒಂದೇ ಕಡೆ ಸಿಗುವುದು ಸಣ್ಣ ಮಾತಲ್ಲ.

ನಮ್ಮ ರೊಟ್ಟಿ ಮುಂಜಾನೆ ಬಸ್ಸಿಗೆ ಬೆಳಗಾವಿಗೆ ಹೋಗುತ್ತಿತ್ತು. ಟಿಳಕವಾಡಿಯ ಅಂಗಡಿಯವನೊಬ್ಬ ಅದನ್ನು ತನ್ನ ಹೆಸರಿನ ಚೀಲದಲ್ಲಿ ಹಾಕಿ ಮಾರುತ್ತಿದ್ದ. ಆ ವರ್ಷ ಅವನ ಮನಸ್ಸು ಮಷೀನಿನ ರೊಟ್ಟಿ ಕಡೆ ತಿರುಗಿತ್ತು. ದಿನಾ ಕಳಿಸುವುದು ಬೇಡ, ವಾರಕ್ಕೆ ಮೂರು ದಿನ ಸಾಕು ಅಂದ. ಆಮೇಲೆ ಎರಡು ದಿನ. ಪೂರಾ ನಿಂತರೆ ಈ ಒಂಬತ್ತು ಮಂದಿ ಯಾವ ಕೆಲಸಕ್ಕೆ ಹೋಗಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಮೊದಲನೆಯವನು ಎಲ್ಲರಿಗೂ ಹೊಲಿಗಿ ಮಷೀನು ಕೊಡಿಸುತ್ತೇನೆ ಅಂದ. ಓಣಿಯ ತುಂಬ ಹಿಂದಿನ ಚುನಾವಣೆಯ ಹೊಲಿಗಿ ಮಷೀನುಗಳೇ ಇದ್ದವು. ನಮ್ಮ ಮನಿಯದರ ಮೇಲೆ ಟಿ.ವಿ. ಕೂತಿತ್ತು. ಚಹಾ ಕುಡಿಸಿ ಕಳಿಸಿದೆ.

ಎರಡನೆಯವರು ಕಲಿತವರು. ದೊಡ್ಡ ರೊಟ್ಟಿ ಮಷೀನು ತರಿಸುತ್ತೇನೆ, ನಿಮ್ಮ ಕೈ ನೋವೇ ಇರುವುದಿಲ್ಲ ಅಂದು ಮೊಬೈಲಿನಲ್ಲಿ ತೋರಿಸಿದರು. ಒಂದು ಕಡೆ ಹಿಟ್ಟು ಹಾಕಿದರೆ ಇನ್ನೊಂದು ಕಡೆ ರೊಟ್ಟಿ ಬೀಳುತ್ತಿತ್ತು. ನಮ್ಮವರೆಲ್ಲ ಬಾಯಿ ತೆರೆದು ನೋಡಿದರು. ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ರಟ್ಟೆ ತಿಕ್ಕಿಕೊಳ್ಳುತ್ತ, ನಮ್ಮ ಓಟು ಇವರಿಗೇ ಅಂದೇಬಿಟ್ಟಳು.

“ಇದನ್ನ ನಡಸಾಕ ಎಷ್ಟು ಮಂದಿ ಬೇಕ್ರಿ?” ಅಂತ ಕೇಳಿದೆ.

“ಇಬ್ಬರಿದ್ರ ಸಾಕು, ಆಯಿ.” ಭಾಳ ಹೆಮ್ಮೆಯಿಂದ ಅಂದರು.

“ಹಂಗಾರ ಉಳಿದ ಏಳು ಮಂದಿ ಉಣ್ಣಾಕ ನಿಮ್ಮ ಮನಿಗೆ ಬರೂಣೇನ್ರಿ?”

ನೆಗೆಣ್ಣಿ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಮೂರನೆಯಾಕಿ ಮರಾಠಿ ಮನಿ ಸೊಸಿ. ಬಂದವಳೇ ಹಲಗಿ ಮುಂದೆ ಕೂತು ಒಂದು ರೊಟ್ಟಿ ಬಡಿಯಲು ನೋಡಿದಳು. ಅದು ನಾಲ್ಕೂ ಕಡೆ ಹರಿಯಿತು. ನಕ್ಕೆವು, ಅವಳೂ ನಕ್ಕಳು. ನಿಮಗೆ ಏನು ಬೇಕು ಅಂತ ಕೇಳಿದಳು. ಮೂವರಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ಬಸ್ ಸ್ಟ್ಯಾಂಡಿನ ಬಾಜು ಪಂಚಾಯಿತಿಯ ಒಂದು ಮಳಿಗೆ ಮುಚ್ಚಿ ಬಿದ್ದಿತ್ತು, ಒಳಗೆ ಮುರಿದ ಕುರ್ಚಿ, ಸುಟ್ಟ ಟ್ಯೂಬ್‌ಲೈಟು. ಅದನ್ನು ಕೊಡಿಸು ಅಂದೆ. ಬಿಸಿ ರೊಟ್ಟಿ ತಿನ್ನುವವರು ಬಸ್ಸಿಳಿದು ನಮ್ಮ ಮುಂದೆಯೇ ಹಾಯುತ್ತಾರೆ, ಮತ್ತೊಬ್ಬನ ಚೀಲ ನಮಗೆ ಯಾಕೆ ಅಂದೆ.

“ಅದರ ಕೀಲಿ ಯಾರ ಕಡೆ ಐತಿ?” ಅಂದಳು.

ಆ ಮಾತಿಗೇ ಓಟು ಹಾಕಿದೆ. ಒಂಬತ್ತೂ ಮನಿಯವರಿಂದ ಹಾಕಿಸಿದೆ. ಗೆದ್ದಳು.

ಗೆದ್ದವರು ಮರೆಯುತ್ತಾರೆ. ಅದಕ್ಕೇ ಪ್ರತಿ ಸೋಮವಾರ ಆಫೀಸಿಗೆ ಹೋಗಿ ಅವಳ ಮುಂದೆ ಕೂಡುತ್ತಿದ್ದೆ. ಠರಾವು ಆಗಬೇಕು, ಹರಾಜು ಆಗಬೇಕು ಅಂತ ಅಲ್ಲಿಯವರು ಹೇಳಿದಾಗೆಲ್ಲ ಅವಳು ಎದ್ದು ಹೋಗಿ ಜಗಳಾಡಿದಳು. ಖರೇ ಹೇಳಬೇಕು, ನನಗಿಂತ ಜೋರಾಗಿ ಜಗಳಾಡಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮಳಿಗೆ ನಮ್ಮದಾಯಿತು.

ಬಡಿಯುವ ಸಪ್ಪಳ ಬಸ್ಸಿನವರಿಗೆ ಕೇಳಲಿ ಅಂತ ಬಾಗಿಲ ಹತ್ತಿರವೇ ಒಲೆ ಹೂಡಿದೆವು. ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಮೊದಲ ದಿನವೇ ಮಂದಿ ಸಾಲು ಹಚ್ಚಿ ನಿಂತರು. ಕಣಕುಂಬಿ ಬಸ್ಸಿನ ಕಂಡಕ್ಟರ್ ಸೀಟಿ ಊದಿದ, ಒಬ್ಬರೂ ಕದಲಲಿಲ್ಲ. ಮತ್ತೆ ಊದಿದ. ಕಡೆಗೆ ತಾನೇ ಇಳಿದು ಬಂದು, ನನಗೂ ಎರಡು ಜಲ್ದಿ ಕಟ್ಟಿಕೊಡಿ ಅಂದ.

“ಸಾಲಿನ್ಯಾಗ ನಿಂದರಪಾ,” ಅಂದೆ. ನಿಂತ.

ಸಂಜಿಯ ಹೊತ್ತಿಗೆ ಹಿಟ್ಟಿನ ಡಬ್ಬಿ ಖಾಲಿ. ಒಂಬತ್ತು ಮಂದಿ ಸಾಲುವುದಿಲ್ಲ ಅಂತ ಅವತ್ತೇ ತಿಳಿಯಿತು. ಮರುದಿನ ಇನ್ನೂ ಮೂವರಿಗೆ ಬರ್ರಿ ಅಂತ ಹೇಳಿ ಕಳಿಸಿದೆ.